ಬಾವಿಯಿಂದ ಎದ್ದ ನಗರ

ಕರ್ನಾಟಕದಿಂದ ದಕ್ಷಿಣಕ್ಕೆ ಹೊರಟವರ ದಾರಿಯಲ್ಲಿ ಕೊಯಮತ್ತೂರು ಸಿಕ್ಕೇ ಸಿಗುತ್ತದೆ. ಗುರುವಾಯೂರಿಗೆ, ಶಬರಿಮಲೆಗೆ, ಪಳನಿಗೆ, ಮೆಟ್ಟುಪಾಳಯದಿಂದ ಊಟಿಗೆ ಹತ್ತುವ ಪುಟ್ಟ ರೈಲಿಗೆ, ಎಲ್ಲಕ್ಕೂ ಇದೇ ಹೆಬ್ಬಾಗಿಲು. 2017ರಲ್ಲಿ ವೆಳ್ಳಿಯಂಗಿರಿ ಬೆಟ್ಟದ ಬುಡದಲ್ಲಿ 112 ಅಡಿಯ ಆದಿಯೋಗಿ ಮೂರ್ತಿ ಎದ್ದ ಮೇಲೆ ಬೆಂಗಳೂರಿನಿಂದ ಬರುವವರು ಇನ್ನೂ ಹೆಚ್ಚಿದ್ದಾರೆ. ಅವರೂ ರೈಲಿಳಿದು ನೇರ ಬೆಟ್ಟದ ಕಡೆಗೇ ಕಾರು ಹಿಡಿಯುತ್ತಾರೆ. ತಮಿಳುನಾಡಿನ ಎರಡನೆಯ ದೊಡ್ಡ ನಗರ, 2011ರ ಜನಗಣತಿಯಲ್ಲೇ ಸುತ್ತಲಿನ ಊರುಗಳೂ ಸೇರಿ 21 ಲಕ್ಷ ದಾಟಿದ್ದ ನಗರ, ಕಾರಿನ ಕಿಟಕಿಯಾಚೆಗೆ ಉಳಿದುಬಿಡುತ್ತದೆ. ‘ಅಲ್ಲಿ ನೋಡೋಕೆ ಏನಿದೆ? ಬರೀ ಮಿಲ್ಲು, ಫ್ಯಾಕ್ಟರಿ’ ಎಂಬ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ.

ನಾವು ಆ ಊರಿಗೆ ಹೋಗದಿದ್ದರೂ ಅದು ನಮ್ಮ ಮನೆಗೆ ಬಂದು ಬಹಳ ಕಾಲವಾಯಿತು. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಅಲ್ಲಿಯದು. ತೋಟದ ಕೊಳವೆಬಾವಿಗೆ ಇಳಿಸಿದ ಮೋಟಾರು ಬಹುಪಾಲು ಅಲ್ಲಿಯದು. ಮೈಮೇಲಿನ ಬನಿಯನ್ನು ಪಕ್ಕದ ತಿರುಪ್ಪೂರಿನದು. ಮಂಡ್ಯದ ಗದ್ದೆಯಲ್ಲಿ ನಿಂತ ಕಬ್ಬಿನ ತಳಿಯ ಹೆಸರಿನಲ್ಲೇ ಆ ಊರಿನ ಮೊದಲ ಅಕ್ಷರವಿದೆ. ಇಷ್ಟೆಲ್ಲ ಕೊಟ್ಟ ಊರನ್ನು ಒಮ್ಮೆ ಇಳಿದು ನೋಡಬೇಕು, ಅದೂ ವಸ್ತುಗಳು ಹುಟ್ಟಿದ ಜಾಡನ್ನು ಹಿಡಿದೇ ನೋಡಬೇಕು ಎಂಬುದು ನನ್ನ ವಾದ.

ಇಂಥ ನಗರಗಳಿಗೆ ಇಂಥದೇ ಹಣೆಬರಹ ಬೇರೆ ದೇಶಗಳಲ್ಲೂ ಇದೆ. ಜಪಾನಿನ ನಗೊಯಾ ಆ ದೇಶದ ನಾಲ್ಕನೆಯ ದೊಡ್ಡ ನಗರ. ಟೊಯೊಟಾ ಸಾಮ್ರಾಜ್ಯ ಬೆಳೆದದ್ದು ಅದರ ಸುತ್ತಮುತ್ತ. ಆದರೆ ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲು ಹತ್ತಿದ ಪ್ರವಾಸಿಗರು ನಡುವಿನ ನಗೊಯಾದಲ್ಲಿ ಇಳಿಯುವುದು ಕಡಿಮೆ. 1992ರಲ್ಲಿ ನೊಜೊಮಿ ಎಂಬ ಹೊಸ ವೇಗದ ರೈಲು ಶುರುವಾದಾಗ ಬೆಳಗಿನ ಒಂದು ಗಾಡಿಯನ್ನು ಅಲ್ಲಿ ನಿಲ್ಲಿಸದೆಯೇ ಓಡಿಸಿದರು. ಊರಿನವರಿಗೆ ಅದು ಬಹಳ ನೋವು ಕೊಟ್ಟಿತು. 2016ರಲ್ಲಿ ನಗರಾಡಳಿತವೇ ನಡೆಸಿದ ಸಮೀಕ್ಷೆಯಲ್ಲಿ, ಎಂಟು ದೊಡ್ಡ ನಗರಗಳ ಪೈಕಿ ಜನ ಹೋಗಬಯಸುವ ಊರಾಗಿ ನಗೊಯಾ ಕೊನೆಯ ಸ್ಥಾನದಲ್ಲಿ ನಿಂತಿತು. ಆ ಫಲಿತಾಂಶವನ್ನು ಅವರು ಮುಚ್ಚಿಡಲಿಲ್ಲ. ನಗೊಯಾದ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ, ಏಕೆಂದರೆ ಆ ನಗರ ಮಾಡಿದ ಒಂದು ಕೆಲಸವನ್ನು ಕೊಯಮತ್ತೂರು ಇನ್ನೂ ಮಾಡಿಲ್ಲ.

ಕೊಯಮತ್ತೂರು ಹೀಗೇಕೆ ಬೆಳೆಯಿತು ಎಂಬ ಪ್ರಶ್ನೆಗೆ ಉತ್ತರ ಆಕಾಶದಲ್ಲೂ ನೆಲದಡಿಯಲ್ಲೂ ಇದೆ. ಪಶ್ಚಿಮ ಘಟ್ಟದ ಗೋಡೆ ಪಾಲಕ್ಕಾಡಿನ ಬಳಿ ಸುಮಾರು 30 ಕಿ.ಮೀ. ಅಗಲಕ್ಕೆ ಕುಸಿದು ಬಾಗಿಲಾಗಿದೆ. ಮುಂಗಾರಿನ ಗಾಳಿ ಆ ಬಾಗಿಲಲ್ಲಿ ನುಗ್ಗಿ ಬರುತ್ತದೆ, ಮಳೆ ಮಾತ್ರ ಕೇರಳದ ಕಡೆಯೇ ಸುರಿದು ಮುಗಿದಿರುತ್ತದೆ. ಹೀಗಾಗಿ ಕೊಯಮತ್ತೂರಿನ ಬಯಲಿಗೆ ವರ್ಷಕ್ಕೆ ಬೀಳುವುದು 600–700 ಮಿಲಿಮೀಟರಿನ ಆಸುಪಾಸು. ಪೂರ್ವಕ್ಕೆ, ಧಾರಾಪುರಂ ಕಡೆಗೆ ಸರಿದಂತೆ ನೆಲ ಇನ್ನೂ ಒಣಗುತ್ತದೆ. ನೊಯ್ಯಲ್ ಹೊಳೆ ಹೆಸರಿಗೆ ಹೊಳೆ, ಮಳೆಗಾಲ ಕಳೆದರೆ ಕೆರೆಗಳೇ ಗತಿ. ಇಂಥ ನೆಲದಲ್ಲಿ ಬೇಸಾಯ ಮಾಡಬೇಕೆಂದರೆ ಬಾವಿ ತೋಡಬೇಕು, ಅದೂ ಬಂಡೆಯನ್ನು ಸೀಳಿ ಆಳಕ್ಕೆ ತೋಡಬೇಕು. ಕೊಂಗುನಾಡು ಎಂದು ಕರೆಯುವ ಈ ಸೀಮೆಯ ರೈತರು ನೂರಾರು ವರ್ಷ ಮಾಡಿದ್ದು ಅದನ್ನೇ. ನಮ್ಮ ಕಡೆ ಕಪಿಲೆ ಹೊಡೆಯುತ್ತಿದ್ದ ಹಾಗೆ ಅಲ್ಲೂ ಜೋಡಿ ಎತ್ತುಗಳು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ಚರ್ಮದ ಬಾನಿಯಲ್ಲಿ ನೀರೆತ್ತುತ್ತಿದ್ದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಂಬೋಡಿಯಾ ಎಂಬ ಉದ್ದ ಎಳೆಯ ಹತ್ತಿ ಈ ನೆಲಕ್ಕೆ ಬಂತು. ಅದಕ್ಕೆ ಬಾವಿ ನೀರು ಬೇಕು, ಬೆಲೆಯೂ ಚೆನ್ನಾಗಿ ಸಿಗುತ್ತಿತ್ತು. ರೈತ ಬಾವಿಯನ್ನು ಇನ್ನಷ್ಟು ಆಳ ಮಾಡಿದ, ನೀರು ಇನ್ನಷ್ಟು ಕೆಳಗಿಳಿಯಿತು, ಎತ್ತುಗಳು ಸೋತವು. ಎತ್ತಿನ ಜಾಗಕ್ಕೆ ಆಯಿಲ್ ಇಂಜಿನ್ ಬಂತು. ಇಂಜಿನ್ ಕೆಟ್ಟರೆ ರಿಪೇರಿಗೆ ಕಮ್ಮಾರಸಾಲೆ ಬೇಕಾಯಿತು. ಬಿಡಿಭಾಗ ಇಂಗ್ಲೆಂಡಿನಿಂದ ಬರುವ ತನಕ ಬೆಳೆ ಕಾಯುವುದಿಲ್ಲವಾದ್ದರಿಂದ ಅದನ್ನೇ ನೋಡಿ ಇಲ್ಲಿಯೇ ಎರಕ ಹೊಯ್ದರು. 1932ರಲ್ಲಿ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಹುಟ್ಟಿ ಬಯಲಿಗೆ ಇಳಿಯಿತು. ಆಗ ಬೇಕಾದದ್ದು ವಿದ್ಯುತ್ ಮೋಟಾರು, ಮೋಟಾರಿಗೆ ಜೋಡಿಸುವ ಪಂಪು. ದೇಶದ ಪಂಪುಗಳಲ್ಲಿ ಅರ್ಧದಷ್ಟು ಇಲ್ಲಿಯವು ಎಂದು ಇಂದು ಉದ್ಯಮದವರು ಹೇಳುತ್ತಾರೆ. ಬಂದರಿಲ್ಲದ, ಕಲ್ಲಿದ್ದಲಿಲ್ಲದ, ಕಬ್ಬಿಣದ ಅದಿರಿಲ್ಲದ ಊರು ಕಬ್ಬಿಣದ ಊರಾಯಿತು. ನೀರಿನ ಬರವೇ ಇದರ ಬಂಡವಾಳ ಎಂದರೆ ಉತ್ಪ್ರೇಕ್ಷೆಯಲ್ಲ.

ಪೈಕಾರದ ವಿದ್ಯುತ್ತು ಹತ್ತಿ ಗಿರಣಿಗಳಿಗೂ ಜೀವ ಕೊಟ್ಟಿತು. ಮೊದಲ ಗಿರಣಿಯನ್ನು 1888ರಲ್ಲಿ ಕಟ್ಟಿದವನು ಕಾಫಿ ವ್ಯಾಪಾರದಲ್ಲಿದ್ದ ಇಂಗ್ಲಿಷಿನವ ರಾಬರ್ಟ್ ಸ್ಟೇನ್ಸ್. ಆದರೆ 1930ರ ದಶಕದಲ್ಲಿ ಸಾಲುಸಾಲಾಗಿ ಎದ್ದ ಗಿರಣಿಗಳ ಹಿಂದಿದ್ದ ಹಣ ಬಹುತೇಕ ಸ್ಥಳೀಯ ಹತ್ತಿ ಬೆಳೆಗಾರ ಕುಟುಂಬಗಳದು, ಹತ್ತಿ ವ್ಯಾಪಾರಿಗಳದು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಕಾಲದಲ್ಲಿ ಇಲ್ಲಿನ ರೈತರು ಹೊಲದ ದುಡ್ಡನ್ನು ತಂದು ಕದಿರಿಗೆ ಹಾಕಿದರು. ಪೀಳಮೇಡಿನ ಪಿ.ಎಸ್. ಗೋವಿಂದಸ್ವಾಮಿ ನಾಯ್ಡು ಅವರ ನಾಲ್ವರು ಮಕ್ಕಳು 1926ರಲ್ಲಿ ಆಸ್ತಿ ಪಾಲು ಮಾಡಿಕೊಂಡ ರೀತಿಯನ್ನು ಊರಿನವರು ಈಗಲೂ ಅಭಿಮಾನದಿಂದ ಹೇಳುತ್ತಾರೆ. ಅವರು ಆಸ್ತಿಯನ್ನು ಐದು ಪಾಲು ಮಾಡಿ ಐದನೆಯದನ್ನು ಧರ್ಮಕ್ಕೆ ಬಿಟ್ಟರು. ಅದೇ ಪಿ.ಎಸ್.ಜಿ. ದತ್ತಿ. ಅದರ ಕೈಗಾರಿಕಾ ಶಾಲೆಯಲ್ಲಿ ಹುಡುಗರು ಪಂಪು, ಮೋಟಾರು ಮಾಡುತ್ತಲೇ ಕಲಿತರು. 1951ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಾಗ ಅದನ್ನು ಆ ಕಾರ್ಖಾನೆಯ ಪಕ್ಕದಲ್ಲೇ ಕಟ್ಟಿದರು. ಓದುವ ಕೊಠಡಿಗೂ ಎರಕದ ಭಟ್ಟಿಗೂ ನಡುವೆ ದೂರವೇ ಇರಲಿಲ್ಲ.

ಇದೇ ನೆಲದ ಇನ್ನೊಬ್ಬ ಮನುಷ್ಯ ಜಿ.ಡಿ. ನಾಯ್ಡು. 1893ರಲ್ಲಿ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಶಾಲೆ ಹಿಡಿಸಲಿಲ್ಲ. ಒಬ್ಬ ಅಧಿಕಾರಿಯ ಮೋಟಾರ್ ಸೈಕಲ್ ಕಣ್ಣಿಗೆ ಬಿದ್ದು, ಅಂಥದನ್ನು ಕೊಳ್ಳುವುದಕ್ಕಾಗಿ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ಹಣ ಕೂಡಿಸಿದರು. ಕೊಂಡು ತಂದು ಬಿಚ್ಚಿ ಮತ್ತೆ ಜೋಡಿಸಿದರು. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಒಂದು ಬಸ್ ಓಡಿಸಿದರು. ಅದು ಬೆಳೆದು ನೂರಾರು ಬಸ್ಸುಗಳ ಯುನೈಟೆಡ್ ಮೋಟಾರ್ ಸರ್ವಿಸ್ ಆಯಿತು. 1937ರಲ್ಲಿ ಡಿ. ಬಾಲಸುಂದರಂ ಅವರೊಡನೆ ಸೇರಿ ತಯಾರಿಸಿದ ವಿದ್ಯುತ್ ಮೋಟಾರನ್ನು ಭಾರತದಲ್ಲಿ ತಯಾರಾದ ಮೊದಲನೆಯದೆಂದು ಗುರುತಿಸುತ್ತಾರೆ. ಅವಿನಾಶಿ ರಸ್ತೆಯ ಅವರ ಸಂಗ್ರಹಾಲಯ ಮತ್ತು ಹಳೆಯ ಕಾರುಗಳ ಮ್ಯೂಸಿಯಂ ಈ ನಗರದಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವ ಜಾಗ. ಮಕ್ಕಳಿದ್ದರಂತೂ ಅರ್ಧ ದಿನ ಅಲ್ಲಿಗೇ ಎತ್ತಿಡಿ. ಅದೇ ಅವಿನಾಶಿ ರಸ್ತೆಯ ಮೇಲೆ 2025ರ ಅಕ್ಟೋಬರಿನಲ್ಲಿ ತೆರೆದ ಹತ್ತು ಕಿಲೋಮೀಟರಿನ ಮೇಲ್ಸೇತುವೆಗೂ ಅವರ ಹೆಸರನ್ನೇ ಇಟ್ಟಿದ್ದಾರೆ.

ಗ್ರೈಂಡರಿನ ಕತೆಯನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಕೇಳಬೇಕು. ಒರಳಿನಲ್ಲಿ ರುಬ್ಬುವಾಗ ಒರಳು ಕೂತಲ್ಲೇ ಕೂತಿರುತ್ತದೆ, ಗುಂಡನ್ನು ಕೈ ತಿರುಗಿಸುತ್ತದೆ. ಉದ್ದಿನಬೇಳೆ ನುಣ್ಣಗಾಗಲು ತಾಸುಗಟ್ಟಲೆ ಬೇಕು, ತೋಳು ಬಿದ್ದುಹೋಗುತ್ತದೆ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಎಂಬುವರು ಇದನ್ನು ತಿರುವಿಹಾಕಿದರು. ಅವರ ಯಂತ್ರದಲ್ಲಿ ಒರಳು ಸುತ್ತುತ್ತದೆ, ಗುಂಡು ತನ್ನ ಜಾಗದಲ್ಲೇ ನಿಲ್ಲುತ್ತದೆ. ಕಲ್ಲು ಬಿಸಿಯೇರದ ಕಾರಣ ಹಿಟ್ಟು ಚೆನ್ನಾಗಿ ಉಬ್ಬುತ್ತದೆ. ಮೊದಲು ಹೋಟೆಲುಗಳಿಗೆ ಬಂತು, ಬರುಬರುತ್ತ ಮನೆಗಳ ಅಡುಗೆಕಟ್ಟೆ ಏರಿತು. ಕಲ್ಲು ಊತ್ತುಕುಳಿಯದು. ತಿರುಪ್ಪೂರಿನ ಬಳಿಯ ಈ ಪುಟ್ಟ ಊರು ಬೆಣ್ಣೆಗೂ ಹೆಸರುವಾಸಿ. ‘ಕೊಯಮತ್ತೂರು ವೆಟ್ ಗ್ರೈಂಡರ್’ಗೆ ಈಗ ಭೌಗೋಳಿಕ ಸೂಚಿ ಮಾನ್ಯತೆ ಇದೆ. ಮೈಸೂರು ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಸಿಕ್ಕ ಗೌರವ ಅಡುಗೆಮನೆಯ ಯಂತ್ರವೊಂದಕ್ಕೆ ಸಿಕ್ಕಿದೆ. ಕಲ್ಲು ಕಡೆಯುವ, ಡ್ರಮ್ಮು ಬಡಿಯುವ ಸಣ್ಣ ಸಣ್ಣ ಶೆಡ್ಡುಗಳು ಪೀಳಮೇಡು, ಗಣಪತಿ ಬಡಾವಣೆಗಳ ಒಳರಸ್ತೆಗಳಲ್ಲಿವೆ. ಕೇಳಿಕೊಂಡರೆ ಒಳಗೆ ಕರೆದು ತೋರಿಸುವ ಸೌಜನ್ಯ ಆ ಜನಕ್ಕಿದೆ. ನಮ್ಮ ಅಜ್ಜಿಯರ ತೋಳಿನ ನೋವನ್ನು ಕಡಿಮೆ ಮಾಡಿದ ಜಾಗಗಳು ಅವು. ನನಗೆ ಅವುಗಳನ್ನು ನೋಡುವುದು ಒಂದು ದೊಡ್ಡ ದೇವಸ್ಥಾನ ನೋಡಿದಷ್ಟೇ ಮುಖ್ಯ.

ಮಂಡ್ಯ, ಚಾಮರಾಜನಗರ, ಬೆಳಗಾವಿ ಕಡೆಯ ಕಬ್ಬು ಬೆಳೆಗಾರರು ಹೋಗಬೇಕಾದ ಜಾಗ ಬೇರೆ: 1912ರಲ್ಲಿ ಸ್ಥಾಪನೆಯಾದ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆ. ಆ ಕಾಲದಲ್ಲಿ ಭಾರತ ಜಾವಾದಿಂದ ಸಕ್ಕರೆ ತರಿಸಿಕೊಳ್ಳುತ್ತಿತ್ತು. ಕಬ್ಬು ಚೆನ್ನಾಗಿ ಹೂಬಿಟ್ಟು ಬೀಜ ಕಟ್ಟುವ ಹವೆ ಕೊಯಮತ್ತೂರಿನದು, ಸಂಕರ ಮಾಡಲು ಅದು ಬೇಕೇ ಬೇಕು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಸಿಹಿ ಕಬ್ಬನ್ನು ಹೊಳೆದಂಡೆಯ ಕಾಡುಜಾತಿಯೊಂದಿಗೆ ಕೂಡಿಸಿ ತೆಗೆದ ಕೋ 205 ತಳಿ ಉತ್ತರ ಭಾರತದ ಕಬ್ಬಿನ ಬೇಸಾಯವನ್ನೇ ಬದಲಿಸಿತು. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಕೆಲಸ ಮಾಡಿದ್ದೂ ಇಲ್ಲಿಯೇ. ನಮ್ಮ ರೈತರು ‘ಅರವತ್ತೆರಡು ನೂರಾ ಎಪ್ಪತ್ತೈದು’, ‘ಎಂಬತ್ತಾರು ಸೊನ್ನೆ ಮೂವತ್ತೆರಡು’ ಎಂದು ಮಕ್ಕಳ ಹೆಸರಿನಷ್ಟೇ ಸಲೀಸಾಗಿ ಹೇಳುವ ಕೋ 62175, ಕೋ 86032 ಎರಡೂ ಈ ಸಂಸ್ಥೆಯ ತಳಿಗಳು. ಕೋ ಎಂದರೆ ಕೊಯಮತ್ತೂರು, ಈ ಎರಡರಲ್ಲೂ ಮೊದಲ ಎರಡಂಕಿ ತಳಿ ಆರಿಸಿದ ವರ್ಷ.

ಇಷ್ಟಾದರೂ ಇದು ಪರನಾಡು ಎಂದು ಅನಿಸಿದರೆ ನಕ್ಷೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಬೇಕು. ಹದಿನೇಳನೆಯ ಶತಮಾನದಲ್ಲಿ ಮಧುರೆಯ ನಾಯಕರ ಕೈಯಿಂದ ಮೈಸೂರಿನ ಕೈಗೆ ಬರತೊಡಗಿದ ಈ ಸೀಮೆ, ಒಡೆಯರು, ಹೈದರ್, ಟಿಪ್ಪು ಎಲ್ಲರ ಆಳ್ವಿಕೆ ಕಂಡು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಹೋಯಿತು. ಅದಕ್ಕೂ ಮೊದಲು ಹೊಯ್ಸಳ ದಂಡನಾಯಕರು ಭವಾನಿ ಹೊಳೆಯ ಬಳಿ ಕಟ್ಟಿದ ಕೋಟೆಯೊಂದು ಈಗ ಭವಾನಿಸಾಗರ ಜಲಾಶಯದ ತಳದಲ್ಲಿದೆ. ನೀರು ತೀರಾ ಇಳಿದ ವರ್ಷ ಅಲ್ಲಿನ ಮಾಧವರಾಯ ಗುಡಿ ತಲೆಯೆತ್ತುತ್ತದೆ. ನಮ್ಮ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಕೊಳ್ಳೇಗಾಲದ ಹಿರಿಯರಿಗೆ ಕಲೆಕ್ಟರ ಕಚೇರಿ ಎಂದರೆ ಘಟ್ಟ ಇಳಿದು ಹೋಗಬೇಕಾದ ಕೊಯಮತ್ತೂರೇ ಆಗಿತ್ತು. ಡಾ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ತಾಳವಾಡಿ ಸೀಮೆಯ ಗಾಜನೂರು ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಈಗ ಈರೋಡಿನಲ್ಲಿದೆ. ಕನ್ನಡದ ವರನಟನ ಜನ್ಮಪತ್ರದಲ್ಲಿರುವ ಜಿಲ್ಲೆಯನ್ನು ಹಾದುಹೋಗುವ ಊರೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಕನ್ನಡ ಇನ್ನೂ ಇಲ್ಲಿದೆ. ನಗರದ ದೇವಾಂಗಪೇಟೆಯಲ್ಲಿ, ಸಿರುಮುಗೈ, ನೆಗಮಂ ಮುಂತಾದ ನೇಕಾರ ಊರುಗಳಲ್ಲಿ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಂದಿವೆ. ಅನುಪ್ಪರು, ಒಕ್ಕಲಿಗರು, ಕುರುಬರು ಬಯಲಿನ ಹಳ್ಳಿಗಳಲ್ಲಿದ್ದಾರೆ. ಓದು ಬರಹ ಪೂರ್ತಿ ತಮಿಳಿನಲ್ಲಿ, ಹಾಗಾಗಿ ಇವರ ಕನ್ನಡ ಕಾಗದ ಕಂಡದ್ದೇ ಇಲ್ಲ. ಅದು ಅಜ್ಜಿಯ ಬಾಯಿಂದ ಮೊಮ್ಮಗಳ ಕಿವಿಗೆ ದಾಟಿದರೆ ಮಾತ್ರ ಉಳಿಯುವ ಭಾಷೆ. ಮನೆದೇವರು ಚೌಡೇಶ್ವರಿ, ಅಲ್ಲಿನವರ ಬಾಯಲ್ಲಿ ಸೌಡೇಶ್ವರಿ. ದಸರೆಯಲ್ಲಿ ಹುಡುಗರು ಕತ್ತಿ ಹಿಡಿದು ಎದೆಗೆ ತಾಗಿಸಿಕೊಳ್ಳುತ್ತ ದೇವಿಯನ್ನು ಕರೆಯುವ ಸೇವೆಗೆ ಊರೇ ಸೇರುತ್ತದೆ. ನೆಗಮದ ಹತ್ತಿ ಸೀರೆ, ಕೋವೈ ಕೋರಾ ಸೀರೆ ಕೊಳ್ಳುವವರು ಅಂಗಡಿಯಲ್ಲೇ ನಿಲ್ಲದೆ ಮಗ್ಗದ ಮನೆಯವರೆಗೂ ಹೋಗಬೇಕು. ಕನ್ನಡ ಮಾತಾಡುವವರು ಬಂದಿದ್ದಾರೆ ಎಂದು ಗೊತ್ತಾದರೆ ಒಳಗಿನಿಂದ ಹಿರಿಯರು ಎದ್ದು ಬರುತ್ತಾರೆ. ಮಾತಿಗೆ ಕೂರಿಸುತ್ತಾರೆ. ಅವರ ಮಾತಿನಲ್ಲಿ ತಮಿಳು ಬೆರೆತಿರುತ್ತದೆ. ತಾಳ್ಮೆಯಿಂದ ಕೂತು ಕೇಳಿದರೆ ನಮ್ಮ ಸೀಮೆಯ ಹಳೆಯ ದನಿ ಕೇಳಿಸುತ್ತದೆ. ಅವರ ಮುಂದಿನ ಪೀಳಿಗೆ ಈ ಮಾತನ್ನು ಬಿಡುತ್ತಿದೆ ಎಂಬ ಸಂಕಟ ಅವರಿಗೂ ಇದೆ, ಕೇಳಿ ಬಂದ ನನಗೂ ಇದೆ.

ಇನ್ನು ಗಿರಣಿಗಳು. ಕೊಯಮತ್ತೂರಿನ ಸಮೃದ್ಧಿಯ ಕತೆಯನ್ನು ಮಾಲೀಕರ ಹೆಸರುಗಳಲ್ಲೇ ಹೇಳಿ ಮುಗಿಸಿದರೆ ಅರ್ಧ ಕತೆ ಬಿಟ್ಟಂತಾಗುತ್ತದೆ. ಇಲ್ಲಿನ ಸೆಂಟ್ರಲ್ ಜೈಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ವಿ.ಒ. ಚಿದಂಬರಂ ಪಿಳ್ಳೈ ಎತ್ತಿನ ಬದಲು ಎಣ್ಣೆಗಾಣ ಎಳೆದರು. ಅದೇ ಜೈಲಿನಲ್ಲಿ 1946ರ ಜನವರಿ 8ರಂದು ರಂಗವಿಲಾಸ್ ಗಿರಣಿಯ ನಾಲ್ವರು ಕಾರ್ಮಿಕರನ್ನು ಗಲ್ಲಿಗೇರಿಸಿದರು. ರಾಮಯ್ಯನ್, ವೆಂಕಟಾಚಲಂ, ರಂಗಣ್ಣನ್, ಚಿನ್ನಯ್ಯನ್ ಎಂಬ ಆ ನಾಲ್ವರನ್ನು ಚಿನ್ನಿಯಂಪಾಳಯದ ಹುತಾತ್ಮರೆಂದು ಊರು ನೆನೆಯುತ್ತದೆ. ಕಯ್ಯೂರಿನ ನಾಲ್ವರು ರೈತರನ್ನು 1943ರಲ್ಲಿ ಗಲ್ಲಿಗೇರಿಸಿದ ಕತೆ ನಿರಂಜನರ ‘ಚಿರಸ್ಮರಣೆ’ಯಿಂದ ನಮಗೆಲ್ಲ ಗೊತ್ತು. ಮೂರೇ ವರ್ಷದ ನಂತರ ನಡೆದ ಈ ಕತೆ, ನನಗೆ ತಿಳಿದಂತೆ, ಕನ್ನಡಕ್ಕೆ ಬಂದಿಲ್ಲ.

ಆ ಹಳೆಯ ಗಿರಣಿಗಳಲ್ಲಿ ಎಷ್ಟೋ ಮುಚ್ಚಿದವು, ಕೆಲವು ರಾಷ್ಟ್ರೀಯ ಜವಳಿ ನಿಗಮದ ಪಾಲಾದವು. 1888ರ ಸ್ಟೇನ್ಸ್ ಗಿರಣಿಯೂ ಹಾಗೆಯೇ ನಿಗಮಕ್ಕೆ ಹೋಯಿತು. 2020ರ ಲಾಕ್‌ಡೌನಿನಲ್ಲಿ ನಿಗಮದ ಗಿರಣಿಗಳ ಸದ್ದು ನಿಂತಿತು. ಬಾಗಿಲಲ್ಲಿ ಕೂತು ಬಾಕಿ ಸಂಬಳ ಕೇಳುವ ಕಾರ್ಮಿಕರ ಚಿತ್ರ ಆಮೇಲೆ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ನಗೊಯಾ ಇಲ್ಲಿ ನೆನಪಾಗುತ್ತದೆ. ಟೊಯೊಟಾ ಸಂಸ್ಥೆಯ ಮೂಲಪುರುಷ ಸಕಿಚಿ ಟೊಯೊಡಾ 1911ರಲ್ಲಿ ಮಗ್ಗದ ಪ್ರಯೋಗಕ್ಕೆಂದು ನಗೊಯಾದಲ್ಲಿ ಕಟ್ಟಿದ ಕಾರ್ಖಾನೆಯ ಕೆಂಪು ಇಟ್ಟಿಗೆಯ ಕಟ್ಟಡಗಳನ್ನು ಕೆಡವಲಿಲ್ಲ. 1994ರಲ್ಲಿ ಅದನ್ನೇ ವಸ್ತುಸಂಗ್ರಹಾಲಯ ಮಾಡಿದರು. ಹತ್ತಿ ಹಂಜಿಯಿಂದ ಕೈಯಲ್ಲಿ ನೂಲು ತೆಗೆಯುವುದರಿಂದ ಹಿಡಿದು 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗ, ಅಲ್ಲಿಂದ ಮೊದಲ ಕಾರು, ಇಂದಿನ ರೋಬಾಟ್ ತೋಳು, ಎಲ್ಲವನ್ನೂ ನಿಜವಾಗಿ ಓಡಿಸಿ ತೋರಿಸುತ್ತಾರೆ. ಎಳೆ ತುಂಡಾದ ಕ್ಷಣ ತಾನಾಗಿ ನಿಲ್ಲುವ ಮಗ್ಗವನ್ನು ಶಾಲಾ ಮಕ್ಕಳು ಕಣ್ಣಾರೆ ನೋಡುತ್ತಾರೆ. ಮಗ್ಗದಿಂದ ಕಾರು ಹೇಗೆ ಹುಟ್ಟಿತು ಎಂಬುದು ಆ ಕಟ್ಟಡದೊಳಗೆ ನಡೆದರೆ ಅರ್ಥವಾಗುತ್ತದೆ.

ಬಾವಿಯಿಂದ ಪಂಪು, ಪಂಪಿನಿಂದ ಮೋಟಾರು, ಮೋಟಾರಿನಿಂದ ಗ್ರೈಂಡರ್ ಹುಟ್ಟಿದ ಕತೆ ಅದಕ್ಕಿಂತ ಕಡಿಮೆಯದಲ್ಲ. ಬೀಗ ಬಿದ್ದ ಗಿರಣಿಗಳಲ್ಲಿ ಒಂದನ್ನಾದರೂ ಹೀಗೆ ಉಳಿಸಬೇಕು, ಕದಿರುಗಳು ತಿರುಗಬೇಕು, ಕೆಲಸ ಕಳೆದುಕೊಂಡ ಹಳೆಯ ಕಾರ್ಮಿಕರೇ ಅಲ್ಲಿ ನಿಂತು ತೋರಿಸಬೇಕು. ಇದು ಅಸಾಧ್ಯವಾದ ಆಸೆಯಲ್ಲ, ಅಲ್ಲಿನ ಉದ್ಯಮಿಗಳು ಮನಸ್ಸು ಮಾಡಿದರೆ ಆಗುವ ಕೆಲಸ. ಪಕ್ಕದ ನಾಡಿನವರಾದ ನಮಗೂ ಇದನ್ನು ಕೇಳುವ ಹಕ್ಕಿದೆ ಎಂದು ನಾನು ನಂಬುತ್ತೇನೆ. ನಮ್ಮ ಬೆಂಗಳೂರಿನ ಬಿನ್ನಿ ಗಿರಣಿಯ ಜಾಗ ಏನಾಯಿತು ಎಂಬುದನ್ನು ಕಂಡವರು ನಾವು.

ಕೊಯಮತ್ತೂರಿನಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ಹೋದರೆ ತಿರುಪ್ಪೂರು. 1925ರ ಸುಮಾರಿಗೆ ಮೊದಲ ಹೆಣಿಗೆ ಯಂತ್ರಗಳು ಬಂದ ಈ ಊರು ಈಗ ದೇಶದ ಹೆಣೆದ ಉಡುಪಿನ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳಿಸುತ್ತದೆ. 2024–25ರಲ್ಲಿ ಅದರ ಮೌಲ್ಯ ಸುಮಾರು 40 ಸಾವಿರ ಕೋಟಿ ರೂಪಾಯಿ. ರೈಲು ನಿಲ್ದಾಣದ ಬಳಿಯ ಖಾದರ್‌ಪೇಟೆಯಲ್ಲಿ ಬನಿಯನ್ನು, ಟೀ ಶರ್ಟು ರಾಶಿಗಟ್ಟಲೆ ಮಾರುತ್ತಾರೆ. ಶನಿವಾರ ವಾರದ ಸಂಬಳದ ದಿನ. ಅಂದು ಸಂಜೆಯ ಸಂತೆಯಲ್ಲಿ ಒಡಿಯಾ, ಭೋಜಪುರಿ, ಬಂಗಾಳಿ, ತಮಿಳು ಒಟ್ಟಿಗೆ ಕಿವಿಗೆ ಬೀಳುತ್ತವೆ. 1932ರ ಜನವರಿಯಲ್ಲಿ ಪೊಲೀಸರ ಲಾಠಿಗೆ ತಲೆಯೊಡೆದರೂ ಬಾವುಟ ಬಿಡದೆ ಪ್ರಾಣಬಿಟ್ಟ ತಿರುಪ್ಪೂರು ಕುಮರನ್ ಸ್ಮಾರಕ ಅಲ್ಲಿಯೇ ಹತ್ತಿರದಲ್ಲಿದೆ. ಆತನಿಗೆ ಆಗ 27 ವರ್ಷ.

ಬಟ್ಟೆಗೆ ಬಣ್ಣ ಬೇಕು, ಬಣ್ಣಕ್ಕೆ ನೀರು ಬೇಕು. ಬಣ್ಣದ ನೀರು ದಶಕಗಳ ಕಾಲ ನೊಯ್ಯಲ್ ಸೇರಿತು. ಹೊಲಗಳಿಗೆ ನೀರುಣಿಸಲೆಂದು ಒರತ್ತುಪಾಳಯದಲ್ಲಿ 1992ರಲ್ಲಿ ಮುಗಿದ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಕಾರ್ಖಾನೆ ತ್ಯಾಜ್ಯದ ಹೊಂಡವಾಯಿತು. ಯಾವ ರೈತರಿಗಾಗಿ ಕಟ್ಟಿದರೋ ಅದೇ ರೈತರು ‘ನಮಗೆ ಈ ನೀರು ಬೇಡ, ಗೇಟು ತೆಗೆಯಬೇಡಿ’ ಎಂದು ಬೇಡುವಂತಾಯಿತು. ಬಾವಿಗಳು ಉಪ್ಪಾದವು. ನೊಯ್ಯಲ್ ಆಯಕಟ್ಟುದಾರರ ಸಂಘ ನ್ಯಾಯಾಲಯಕ್ಕೆ ಹೋಯಿತು. ಕೆಡಿಸಿದವರೇ ಪರಿಹಾರ ಕೊಡಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಎತ್ತಿಹಿಡಿಯಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟ್, ಒಂದು ಹನಿಯೂ ಹೊರಬಿಡದ ವ್ಯವಸ್ಥೆ ಆಗುವ ತನಕ ಬಣ್ಣದ ಘಟಕಗಳೆಲ್ಲ ಬಾಗಿಲು ಹಾಕಬೇಕೆಂದು ಆದೇಶಿಸಿತು. ಊರಿಗೂರೇ ಸ್ತಬ್ಧವಾಯಿತು. ಎಷ್ಟೋ ಸಣ್ಣ ಘಟಕಗಳು ಮತ್ತೆ ತೆರೆಯಲಿಲ್ಲ, ಕೂಲಿಗಳು ಊರು ಬಿಟ್ಟರು. ಉಳಿದವರು ಬಣ್ಣದ ನೀರನ್ನು ಸೋಸಿ, ಕುದಿಸಿ, ಉಪ್ಪನ್ನು ಬೇರೆ ಮಾಡಿ ಅದೇ ನೀರನ್ನು ಮತ್ತೆ ಬಳಸುವ ಸ್ಥಾವರಗಳನ್ನು ಕಟ್ಟಿದರು. ಬಾವಿಯೇ ಜೀವವಾಗಿದ್ದ ನಾಡು ಬಾವಿಯನ್ನೇ ಕಳೆದುಕೊಂಡು ಕಲಿತ ಪಾಠವಿದು. ಬೆಳ್ಳಂದೂರು, ವೃಷಭಾವತಿಗಳನ್ನು ದಿನವೂ ದಾಟುವ ನಾವು ತಿರುಪ್ಪೂರಿಗೆ ಹೋದರೆ ಅಂಗಿಯ ಜೊತೆಗೆ ಈ ಸ್ಥಾವರಗಳನ್ನೂ ನೋಡಿ ಬರಬೇಕು.

ಅಲ್ಲಿಂದ ದಕ್ಷಿಣಕ್ಕೆ, ಅಮರಾವತಿ ಹೊಳೆಯ ದಡದ ಧಾರಾಪುರಂ. ಕೊಯಮತ್ತೂರಿನಿಂದ ಬರುವವರಿಗೆ ಪಲ್ಲಡಂ ದಾಟಿ ಸುಮಾರು 80 ಕಿ.ಮೀ. ಪಳನಿ, ಕೊಡೈಕನಾಲಿಗೆ ಹೋಗುವ ಕನ್ನಡಿಗರು ಇಲ್ಲಿ ಕಾಫಿಗೆ ನಿಲ್ಲಿಸಿ ಮುಂದೆ ಸಾಗುತ್ತಾರೆ. ಕೊಯಮತ್ತೂರು ಇನ್ನೂ ದೊಡ್ಡದಾಗುವ ಮೊದಲು ಸೀಮೆಯ ದೊಡ್ಡ ಠಾಣ್ಯಗಳಲ್ಲಿ ಇದೂ ಒಂದು. ಮೈಸೂರು ಯುದ್ಧಗಳಲ್ಲಿ ಇದರ ಮಣ್ಣಿನ ಕೋಟೆ ಕೈಯಿಂದ ಕೈಗೆ ಹೋಯಿತು: 1783ರಲ್ಲಿ ಕರ್ನಲ್ ಫುಲ್ಲರ್ಟನ್ ಹಿಡಿದ, 1790ರಲ್ಲಿ ಟಿಪ್ಪು ಮತ್ತೆ ವಶಮಾಡಿಕೊಂಡ. ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರಿನಿಂದ ಇಳಿದು ಈ ಸೀಮೆಯಲ್ಲೆಲ್ಲ ಸುತ್ತಿ, ಬೆಳೆ, ಬಾವಿ, ಮಗ್ಗ, ದನಗಳ ಲೆಕ್ಕ ಬರೆದುಕೊಂಡ. ಧಾರಾಪುರಕ್ಕೂ ಬಂದಿದ್ದ. ಊರಂಚಿನ ಕಾಡು ಹನುಮಂತರಾಯನನ್ನು ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ಪ್ರತೀತಿ ಇದೆ. ಅದನ್ನು ಕೇಳಿಯೇ ಬರುವ ಕನ್ನಡದ ಭಕ್ತರಿದ್ದಾರೆ.

ಗುಡಿಯಷ್ಟೇ ನೋಡಿ ಹೊರಡಬೇಡಿ. ಊರಿನಾಚೆ ಕಾಂಗೇಯಂ ದಿಕ್ಕಿಗೆ ಹೊರಟರೆ ಕೊರಂಗಾಡು ಎಂದು ಕರೆಯುವ ಹುಲ್ಲುಗಾವಲುಗಳು ಸಿಗುತ್ತವೆ. ಸರ್ಕಾರಿ ಗೋಮಾಳವೆಂದು ತಿಳಿಯಬೇಡಿ, ರೈತರದೇ ಸ್ವಂತ ಜಮೀನು. ಮುಳ್ಳಿನ ಜೀವಂತ ಬೇಲಿ, ಒಳಗೆ ಗಟ್ಟಿ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ ಮರ. ಮಳೆ ಕೈಕೊಟ್ಟರೂ ಬದುಕುವ ಈ ವ್ಯವಸ್ಥೆಯ ಮೇಲೆ ಕಾಂಗೇಯಂ ದನಗಳು ಬೆಳೆದಿವೆ. ಪಶುತಜ್ಞರು ಈ ತಳಿಯನ್ನು ನಮ್ಮ ಹಳ್ಳಿಕಾರ್, ಅಮೃತಮಹಲ್ ಜೊತೆಗೆ ‘ಮೈಸೂರು ಮಾದರಿ’ ಎಂಬ ಒಂದೇ ಗುಂಪಿನಲ್ಲಿ ಇಡುತ್ತಾರೆ. ಕೋಡು, ಗತ್ತು, ನಡಿಗೆ ಎಲ್ಲದರಲ್ಲೂ ಬಳಗ ಗೊತ್ತಾಗುತ್ತದೆ. ಆಳ ಬಾವಿಯಿಂದ ನೀರೆಳೆದು ಈ ಬಯಲನ್ನು ಹಸಿರು ಮಾಡಿದ್ದು ಇವುಗಳ ಹೆಗಲು.

ಆ ಹುಲ್ಲುಗಾವಲುಗಳ ಮೇಲೆಯೇ ಈಗ ಗಾಳಿಯಂತ್ರಗಳು ನಿಂತಿವೆ. ಪಾಲಕ್ಕಾಡಿನ ಬಾಗಿಲಿಂದ ನುಗ್ಗಿದ ಗಾಳಿ ಉಡುಮಲೈಪೇಟೆ, ಪಲ್ಲಡಂ, ಧಾರಾಪುರಂ ಬಯಲಿನ ಮೇಲೆ ತಡೆಯಿಲ್ಲದೆ ಬೀಸುತ್ತದೆ. 1990ರ ದಶಕದಿಂದ ಇಲ್ಲಿ ಗಾಳಿಯಂತ್ರ ನಿಲ್ಲಿಸಿದವರಲ್ಲಿ ನೂಲಿನ ಗಿರಣಿಯವರು ಬಹಳ. ವಿದ್ಯುತ್ ಕೊರತೆಯಿಂದ ಕದಿರು ನಿಲ್ಲುತ್ತಿತ್ತು, ತಮ್ಮ ವಿದ್ಯುತ್ತನ್ನು ತಾವೇ ಮಾಡಿಕೊಂಡರು. ಮಳೆ ತರದ ಗಾಳಿಯನ್ನೂ ಕೆಲಸಕ್ಕೆ ಹಚ್ಚಿದರು.

ಹೋಗುವುದಾದರೆ ಜೂನ್‌ನಿಂದ ಆಗಸ್ಟ್ ಒಳಗೆ ಹೋಗಿ. ಆಗ ಗಾಳಿ ಜೋರು, ಬಿಸಿಲು ಸೌಮ್ಯ. ಚಾಮರಾಜನಗರದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುವ ದಾರಿ ಚೆಂದ, ಆದರೆ ಹುಲಿ ಕಾಡಾದ್ದರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಹಗಲಲ್ಲೇ ದಾಟಬೇಕು. ಬೆಂಗಳೂರಿನಿಂದ 2023ರ ಕೊನೆಗೆ ಶುರುವಾದ ವಂದೇ ಭಾರತ್ ರೈಲೂ ಇದೆ. ಮೊದಲ ದಿನ ಅವಿನಾಶಿ ರಸ್ತೆಯ ಮ್ಯೂಸಿಯಂಗಳು ಮತ್ತು ಪೀಳಮೇಡಿನ ಶೆಡ್ಡುಗಳು, ಮರುದಿನ ನೆಗಮದ ಮಗ್ಗ, ಶನಿವಾರಕ್ಕೆ ತಿರುಪ್ಪೂರು, ಭಾನುವಾರ ಧಾರಾಪುರಂ. ಬೆಳಿಗ್ಗೆ ಯಾವುದಾದರೂ ಹೋಟೆಲಿನಲ್ಲಿ ಅಲ್ಲಿನ ಸಾಂಬಾರು, ಮಧ್ಯಾಹ್ನ ಯಾರಾದರೂ ಮನೆಗೆ ಕರೆದರೆ ಕೊಂಗುನಾಡಿನ ಅರಿಸಿ ಪರುಪ್ಪು ಸಾದಂ. ಕಾರ್ಖಾನೆ ನೋಡಬೇಕೆಂದರೆ ಮೊದಲೇ ಫೋನ್ ಮಾಡಿ ಕೇಳಿ, ಬಹುಪಾಲು ಜನ ಒಪ್ಪುತ್ತಾರೆ. ಒಳಗೆ ಹೋದಾಗ ಯಂತ್ರದ ಮುಂದೆ ನಿಂತವರನ್ನು ಮಾತನಾಡಿಸಿ. ಅವರು ಏನು ಮಾಡುತ್ತಿದ್ದಾರೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರದಲ್ಲಿ ಹುಬ್ಬಳ್ಳಿಯೋ ದಾವಣಗೆರೆಯೋ ತುಮಕೂರೋ ಬರುವ ಸಾಧ್ಯತೆ ಬಹಳ.